ಲಗ್ನಪತ್ರಿಕೆಯ ಆಲಿಕೆ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಮೂರು ತಿಂಗಳಿಗೊಂದಾದರೂ ಅದೇ ಪ್ರಶ್ನೆ ಹೊತ್ತು ಬರುತ್ತದೆ. ಬರೆದವರು ಬೇರೆ, ಊರು ಬೇರೆ, ಒಕ್ಕಣೆ ಮಾತ್ರ ಹೆಚ್ಚುಕಡಿಮೆ ಒಂದೇ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟಕ್ಕಷ್ಟೆ. ಐಟಿಐಗೆ ಹೋದರೆ ಫಿಟ್ಟರ್, ಎಲೆಕ್ಟ್ರಿಶಿಯನ್ ಸೀಟುಗಳು ಭರ್ತಿಯಾಗಿವೆ, ಶೀಟ್ ಮೆಟಲ್ ಖಾಲಿ ಇದೆ. ನೀವು ಆ ಕೆಲಸ ಮಾಡಿದವರಂತೆ, ಸೇರಿಸಬಹುದಾ? ಈಗ ಎಲ್ಲಾ ಲೇಸರ್ ಮಶಿನ್ ಬಂದಿದೆಯಂತಲ್ಲ, ಹುಡುಗನಿಗೆ ಮುಂದೆ ಕೆಲಸ ಉಳಿಯುತ್ತದಾ? ಕಳೆದ ವಾರ ಬಂದ ಕಾಗದದಲ್ಲಿ ಇನ್ನೂ ಒಂದು ಸಾಲು ಸೇರಿತ್ತು. ತಗಡು ಬಡಿಯೋದಕ್ಕೆ ಓದು ಯಾಕೆ ಬೇಕು ಅಂತ ನಮ್ಮ ಭಾವ ಕೇಳುತ್ತಾರೆ.

ಆ ಭಾವನಿಂದಲೇ ಶುರು ಮಾಡೋಣ. ಅವರ ತಪ್ಪಿಲ್ಲ, ನಮ್ಮ ಭಾಷೆಯಲ್ಲೇ ತಗಡಿಗೆ ಮರ್ಯಾದೆ ಕಡಿಮೆ. ಕೈಲಾಗದವನನ್ನು 'ತಗಡು' ಅಂತ ಬೈಯುತ್ತೇವೆ. ಲಡಕಾಸಿ ಗಾಡಿಗೆ 'ತಗಡು ಡಬ್ಬ' ಅನ್ನುತ್ತೇವೆ. ಅದೇ ತಗಡು ತಾಮ್ರದ್ದಾಗಿ ಯಾವುದೋ ಅರಸನ ದಾನವನ್ನು ಹೊತ್ತಿದ್ದರೆ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯೊಳಗೆ ಕೂರುತ್ತದೆ, ಬೆಳ್ಳಿಯದಾದರೆ ದೇವರ ಮೈಮೇಲೆ ಕವಚವಾಗುತ್ತದೆ. ಮನುಷ್ಯರಂತೆ ಲೋಹಕ್ಕೂ ಕುಲ ನೋಡುತ್ತೇವೆ ಅಂತ ಕಾಣುತ್ತದೆ. ಇರಲಿ. ಭಾವನ ಪ್ರಶ್ನೆಗೆ ಉತ್ತರ ನನಗೆ ಐಟಿಐ ಸೇರಿದ ಮೊದಲ ವಾರವೇ ಸಿಕ್ಕಿತ್ತು, ಅದೂ ಒಂದು ಲಗ್ನಪತ್ರಿಕೆಯ ರೂಪದಲ್ಲಿ.

ನಮ್ಮ ಮೇಷ್ಟ್ರು ಮೊದಲ ದಿನ ಸುತ್ತಿಗೆ ಕೊಡುತ್ತಾರೆ ಅಂದುಕೊಂಡು ತೋಳು ಮಡಿಸಿ ನಿಂತಿದ್ದೆವು. ಅವರು "ನಾಳೆ ಮನೆಯಲ್ಲಿರೋ ಹಳೇ ಲಗ್ನಪತ್ರಿಕೆ ತಗೊಂಡು ಬನ್ನಿ, ದಪ್ಪ ಇರಬೇಕು" ಅಂದರು. ತಂದೆವು. ಗಣಪತಿಯ ಚಿತ್ರವಿದ್ದದ್ದು, ಅರಿಶಿನ ಕುಂಕುಮ ಅಂಟಿಕೊಂಡಿದ್ದದ್ದು, ಎಲ್ಲ ಬಂದವು. ಒಂದು ಆಲಿಕೆ ಮಾಡಿ ಅಂದರು, ಸೀಮೆಎಣ್ಣೆ ಸುರಿಯುವ ಆಲಿಕೆ. ಬಾಯಿ 12 ಸೆಂಟಿಮೀಟರ್ ಅಗಲ, ಬಾಯಂಚಿನಿಂದ ತುದಿಗೆ ಓರೆಯಾಗಿ ಅಳೆದರೆ 9 ಸೆಂಟಿಮೀಟರ್. ಕಾಗದ ಸುತ್ತಿ ಸುತ್ತಿ ನೋಡಿದೆವು. ಕಡಲೆಕಾಯಿ ಪೊಟ್ಟಣ ಬಂತೇ ಹೊರತು ಹೇಳಿದ ಅಳತೆಯ ಆಲಿಕೆ ಯಾರಿಗೂ ಬರಲಿಲ್ಲ.

ಆಗ ಅವರು ಬೋರ್ಡಿನ ಮೇಲೆ ಬರೆದದ್ದು ಇಷ್ಟೇ. ಆಲಿಕೆಯನ್ನು ಒಂದು ಕಡೆ ಸೀಳಿ ನೆಲಕ್ಕೆ ಹಾಸಿದರೆ ಏನಾಗುತ್ತದೆ? ವೃತ್ತದ ಒಂದು ತುಂಡಾಗುತ್ತದೆ, ದೋಸೆಯಿಂದ ಒಂದು ಪಾಲು ಹರಿದು ತೆಗೆದ ಹಾಗೆ. ಆ ದೋಸೆಯ ತ್ರಿಜ್ಯ ಓರೆ ಉದ್ದವಾದ 9. ಬಾಯಿಯ ತ್ರಿಜ್ಯ 6. ಆರನ್ನು ಒಂಬತ್ತರಿಂದ ಭಾಗಿಸಿ 360ರಿಂದ ಗುಣಿಸಿದರೆ 240 ಡಿಗ್ರಿ. ಅಂದರೆ ಮೂರರಲ್ಲಿ ಎರಡು ಪಾಲು ಇಟ್ಟುಕೊಂಡು ಒಂದು ಪಾಲು ಕತ್ತರಿಸಿ ಬಿಸಾಡಬೇಕು. ಕತ್ತರಿಸಿದೆವು, ಸುತ್ತಿದೆವು. ಹೈಸ್ಕೂಲಿನಲ್ಲಿ ಮೂರು ವರ್ಷ ಬಾಯಿಪಾಠ ಮಾಡಿ ಮರೆತ ರೇಖಾಗಣಿತ ಅಂಗೈಯಲ್ಲಿ ಎದ್ದು ನಿಂತಿತು. ಗಣಿತದಲ್ಲಿ ಮೂವತ್ತೈದಕ್ಕೆ ತಿಣುಕುತ್ತಿದ್ದ ನನಗೆ ಆವತ್ತು ಆದ ಸಂತೋಷ ಆಮೇಲೆ ಸಂಬಳದ ದಿನಗಳಲ್ಲೂ ಆಗಿಲ್ಲ.

ಸಂತೋಷ ಐದು ನಿಮಿಷವೂ ಉಳಿಯಲಿಲ್ಲ, ಅದು ಬೇರೆ ಮಾತು. ಅಂಟಿಸಿದ ಮೇಲೆ ಮೇಷ್ಟ್ರು ಬಾಯಿಗೆ ಸ್ಕೇಲ್ ಇಟ್ಟರು. ಹನ್ನೆರಡು ಇರಲಿಲ್ಲ, ಹನ್ನೊಂದೂವರೆಯ ಆಸುಪಾಸು. ಒಂದರ ಮೇಲೊಂದು ಕೂರಿಸಿ ಅಂಟಿಸುವುದಕ್ಕೆ ಅಂಚು ಬಿಡಬೇಕಿತ್ತು, ನಾನು ಬಿಟ್ಟಿರಲಿಲ್ಲ. "ಎರಡು ಕಡೆ ಕೈ ಹಿಡೀಬೇಕಾದ್ರೆ ಎರಡೂ ಕೈ ಸ್ವಲ್ಪ ಉದ್ದ ಇರಬೇಕಲ್ವೇನೋ" ಅಂದರು.

ಈ ಕಸುಬಿನ ಅರ್ಧ ಜ್ಞಾನ ಆ ಒಂದು ಮಾತಿನಲ್ಲಿತ್ತು. ನಿಮ್ಮ ಬಚ್ಚಲಿನ ಹಳೇ ತಗಡಿನ ಬಕೆಟ್ಟನ್ನೇ ತೆಗೆದುಕೊಳ್ಳಿ. ಬಾಯಂಚು ದುಂಡಗೆ ದಪ್ಪಗಿದೆಯಲ್ಲ, ಅದರೊಳಗೆ ತಂತಿ ಇದೆ. ತಂತಿಯ ಸುತ್ತ ತಗಡು ಸುತ್ತಿಕೊಂಡಿದೆ. ಅದಕ್ಕೆಂದು ತಂತಿಯ ದಪ್ಪದ ಸುಮಾರು ಎರಡೂವರೆ ಪಟ್ಟು ತಗಡನ್ನು ಮೊದಲೇ ಹೆಚ್ಚು ಬಿಟ್ಟಿರುತ್ತಾರೆ. ಪಕ್ಕದಲ್ಲಿ ಉದ್ದಕ್ಕೂ ಒಂದು ಮಡಿಕೆ ಕಾಣುತ್ತದೆ. ಎರಡು ಅಂಚುಗಳು ಕೊಕ್ಕೆಯಂತೆ ಒಂದರೊಳಗೊಂದು ಸಿಕ್ಕಿಕೊಂಡು ಚಪ್ಪಟೆಯಾದ ಸೀಮು ಅದು. ಅದಕ್ಕೆ ಸೀಮಿನ ಅಗಲದ ಮೂರು ಪಟ್ಟು ತಗಡು ಬೇಕು. ವೆಲ್ಡಿಂಗಿಲ್ಲ, ಆಣಿಯಿಲ್ಲ, ಆದರೂ ವರ್ಷಗಟ್ಟಲೆ ನೀರು ಹಿಡಿಯುತ್ತದೆ. ಇದನ್ನೆಲ್ಲ ಬಕೆಟ್ಟು ಇನ್ನೂ ಚಪ್ಪಟೆ ಹಾಳೆಯಾಗಿ ನೆಲದ ಮೇಲೆ ಬಿದ್ದಿರುವಾಗಲೇ ಮನಸ್ಸಿನಲ್ಲಿ ಕಾಣಬೇಕು. ನಿಂತಿರುವ ವಸ್ತುವನ್ನು ಮಲಗಿಸಿ ನೋಡುವ, ಮಲಗಿರುವ ಹಾಳೆಯನ್ನು ಎಬ್ಬಿಸಿ ನೋಡುವ ಕಣ್ಣು ಬೇಕು. ಬಡಿಯುವುದು ಆಮೇಲಿನ ಕೆಲಸ. ಭಾವನವರು ನೋಡಿರುವುದು ಅದೊಂದನ್ನೇ, ಯಾಕೆಂದರೆ ಸದ್ದು ಬರುವುದು ಅದರಿಂದ ಮಾತ್ರ.

ಐಟಿಐ ಮುಗಿಸಿ ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿಗೆ ಸೇರಿದೆ. ಕರೆಂಟಿನ ಪ್ಯಾನೆಲ್ ಬೋರ್ಡ್ ಮಾಡುವ ಜಾಗ. ಬೂದು ಬಣ್ಣದ ಕಬ್ಬಿಣದ ಬೀರುಗಳು, ಬಾಗಿಲು ತೆರೆದರೆ ಒಳಗೆ ಸ್ವಿಚ್ಚು, ವೈರು. ಅವುಗಳ ಬಾಗಿಲು ಕತ್ತರಿಸಲು ನನಗೆ ಹೇಳಿದರು. 1.6 ಮಿಲಿಮೀಟರ್ ದಪ್ಪದ ಶೀಟು, ಬಾಗಿಲಿನ ಅಗಲ 600, ಎರಡೂ ಪಕ್ಕ 20 ಮಿಲಿಮೀಟರ್ ಒಳಕ್ಕೆ ಮಡಿಕೆ. ಲೆಕ್ಕ ಸುಲಭ ಅನಿಸಿತು, 640ಕ್ಕೆ ಕತ್ತರಿಸಿದೆ. ಹನ್ನೊಂದು ಬಾಗಿಲು ಕತ್ತರಿಸಿ, ಬೆಂಡಿಂಗ್ ಮಶಿನ್ನಿನಲ್ಲಿ ಹನ್ನೊಂದನ್ನೂ ಮಡಿಸಿ ಸಾಲಾಗಿ ನಿಲ್ಲಿಸಿ ಟೀ ಕುಡಿಯಲು ಹೋದೆ. ವಾಪಸ್ಸು ಬಂದಾಗ ಮೇಸ್ತ್ರಿ ಒಂದು ಬಾಗಿಲನ್ನು ಚೌಕಟ್ಟಿಗೆ ಹಿಡಿದು ನಿಂತಿದ್ದ. ಬಾಗಿಲು 606 ಆಗಿತ್ತು. ಚೌಕಟ್ಟಿನೊಳಗೆ ಕೂರಲೇ ಇಲ್ಲ.

ಅಂಚಿಗೆ ಬಿಡುವುದನ್ನು ಕಲಿತಿದ್ದೆ, ಕಳೆಯುವುದನ್ನು ಕಲಿತಿರಲಿಲ್ಲ. ತಗಡನ್ನು ಮಡಿಸುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಚಪಾತಿ ಮಡಿಸಿದರೆ ಹೊರಗಡೆ ಬಿರುಕು, ಒಳಗಡೆ ಸುಕ್ಕು ಕಾಣುವುದಿಲ್ಲವೇ, ಹಾಗೆ. ಎರಡರ ನಡುವೆ ಎಲ್ಲೋ ಹಿಗ್ಗದ, ಕುಗ್ಗದ ಒಂದು ಗೆರೆ ಇರುತ್ತದೆ. ತಗಡಿನ ನಿಜವಾದ ಉದ್ದ ಆ ಗೆರೆಯದು. ನಾವು ಮಾತ್ರ ಅಳೆಯುವುದು ಹೊರಮೈಯನ್ನು. ಹಾಗಾಗಿ ಹೊರಗಿನ ಅಳತೆಗಳನ್ನು ಕೂಡಿ, ಪ್ರತಿ ಮೂಲೆಗೆ ಶೀಟಿನ ದಪ್ಪದ ಎರಡು ಪಟ್ಟು ಕಳೆಯಬೇಕು ಎನ್ನುವುದು ಶೆಡ್ಡಿನ ಮೋಟು ಲೆಕ್ಕ. ಎರಡು ಮೂಲೆಗೆ 6.4 ಕಳೆದು 633.6ಕ್ಕೆ ಕತ್ತರಿಸಬೇಕಿತ್ತು. ಮೇಸ್ತ್ರಿ ಬೈಯಲಿಲ್ಲ. "ಎರಡು ದಪ್ಪ ಕಳಿ" ಅಂತ ಮೂರೇ ಪದ ಹೇಳಿ ಹೋದ. ಮಾಲೀಕರು ಮೂರಕ್ಕಿಂತ ಹೆಚ್ಚು ಪದ ಬಳಸಿದರು. ಆ ಹನ್ನೊಂದರಲ್ಲಿ ಒಂದನ್ನು ಗುಜರಿ ರೇಟಿಗೆ ನಾನೇ ಕೊಂಡು ಊರಿಗೆ ಹೊತ್ತೊಯ್ದೆ. ಇವತ್ತಿಗೂ ನಮ್ಮ ಹಿತ್ತಿಲಿನ ನೀರಿನ ತೊಟ್ಟಿಗೆ ಅದೇ ಮುಚ್ಚಳ.

ತಗಡಿಗೆ ಇನ್ನೊಂದು ಗುಣವಿದೆ, ನೆನಪು. ತೊಂಬತ್ತು ಡಿಗ್ರಿಗೆ ಮಡಿಸಿ ಬಿಟ್ಟರೆ ಒಂದೆರಡು ಡಿಗ್ರಿ ತೆರೆದುಕೊಳ್ಳುತ್ತದೆ, ಹಳೆಯ ಚಪ್ಪಟೆತನಕ್ಕೆ ಮರಳುವ ಆಸೆಯಿಂದ. ಆದ್ದರಿಂದ ಎಂಬತ್ತೆಂಟಕ್ಕೆ ಮಡಿಸಿದರೆ ತೊಂಬತ್ತಕ್ಕೆ ಬಂದು ನಿಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹಟ ಇನ್ನೂ ಜಾಸ್ತಿ, ಇನ್ನಷ್ಟು ಒತ್ತಬೇಕು. ಅಲ್ಯೂಮಿನಿಯಮ್ಮಿನಲ್ಲಿ ಕೆಲವು ಜಾತಿ ಬಾಳೆ ಎಲೆಯಂತೆ ಬಾಗುತ್ತವೆ, ಗಟ್ಟಿ ಮಾಡಿದ ಕೆಲವು ಹಪ್ಪಳದಂತೆ ಮೂಲೆಯಲ್ಲೇ ಸೀಳುತ್ತವೆ. ಮಿಲ್ಲಿನಲ್ಲಿ ಉರುಳೆಯ ಕೆಳಗೆ ಶೀಟು ಯಾವ ದಿಕ್ಕಿಗೆ ಹರಿದಿತ್ತೋ ಆ ದಿಕ್ಕಿಗೆ ಮರದಂತೆ ಎಳೆ ಕೂತಿರುತ್ತದೆ. ಮಡಿಕೆಯ ಗೆರೆ ಎಳೆಯ ಜೊತೆಜೊತೆಗೇ ಹೋದರೆ ಬಿರುಕು, ಅಡ್ಡಕ್ಕೆ ಹೋದರೆ ಕ್ಷೇಮ. ಶೀಟಿನ ಮೇಲೆ ಬೆರಳಾಡಿಸಿ ಎಳೆಯ ದಿಕ್ಕು ಹೇಳುತ್ತಿದ್ದ ಒಬ್ಬ ಮುದುಕ ನಮ್ಮಲ್ಲಿದ್ದ. ಅವನು ಎಚ್‌ಎಎಲ್‌ನಿಂದ ನಿವೃತ್ತನಾಗಿ ಬಂದವನು.

ಬೆಂಗಳೂರು ಈ ಕಸುಬಿನ ಊರಾದದ್ದಕ್ಕೆ ಅಂಥ ಮುದುಕರೇ ಕಾರಣ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು, ಅದೇ ಎಚ್‌ಎಎಲ್. ವಿಮಾನದ ಮೈ ಅಂದರೆ ತೆಳು ಅಲ್ಯೂಮಿನಿಯಮ್ ತಗಡೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ಕೈಗಳು ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿದವು. 1951ರಲ್ಲಿ ಹಾರಿದ, ನಮ್ಮವರೇ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನದ ಮೈ ಪೂರ್ತಿ ಲೋಹದ್ದು. 1948ರಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಬಿಇಎಲ್ ಬಂದವು. ಟೆಲಿಫೋನ್ ಎಕ್ಸ್‌ಚೇಂಜಿನ ರ‍್ಯಾಕು, ರೇಡಿಯೋದ ಪೆಟ್ಟಿಗೆ, ಎಲ್ಲಕ್ಕೂ ತಗಡಿನ ಚರ್ಮ ಬೇಕು. ಅಲ್ಲಿ ಕಲಿತವರು ಹೊರಬಂದು ರಾಜಾಜಿನಗರದಲ್ಲಿ, ಆಮೇಲೆ ಪೀಣ್ಯದಲ್ಲಿ ಶೆಡ್ಡು ಹಾಕಿದರು. ಇವತ್ತು ಹಸಿರು ಮಾರ್ಗದ ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯುವವರು ಕೈಯಿಟ್ಟು ಒರಗಿರುವ ಬೋಗಿಯ ಗೋಡೆಯೂ ಸ್ಟೇನ್‌ಲೆಸ್ ತಗಡೇ. ಮೊದಲ ಹಂತದ ಆ ಬೋಗಿಗಳನ್ನು ಕಟ್ಟಿದ್ದು ಇದೇ ಊರಿನ ಬಿಇಎಂಎಲ್.

ಮಧ್ಯದಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಮದುವೆ ಸೀಸನ್ನಿನಲ್ಲಿ ಕೇಳುವವರು ಬಹಳ. ಬೀರು ಕೊಳ್ಳುವಾಗ 20 ಗೇಜ್ ಒಳ್ಳೆಯದಾ, 22 ಗೇಜ್ ಒಳ್ಳೆಯದಾ? ಗೇಜಿನ ಲೆಕ್ಕ ಉಲ್ಟಾ, ಅಂಕಿ ದೊಡ್ಡದಾದಷ್ಟೂ ತಗಡು ತೆಳು. ಇದು ತಂತಿ ಎಳೆಯುವವರಿಂದ ಬಂದ ಲೆಕ್ಕ. ತಂತಿಯನ್ನು ಹೆಚ್ಚು ಸಲ ಅಚ್ಚಿನಿಂದ ಎಳೆದಷ್ಟೂ ಸಣ್ಣಗಾಗುತ್ತದೆ, ಅಂಕಿ ದೊಡ್ಡದಾಗುತ್ತದೆ. ಬ್ರಿಟನ್ನಿನಲ್ಲಿ 1884ರಲ್ಲಿ ಅದನ್ನು ಕಾನೂನಾಗಿ ಗೊತ್ತುಮಾಡಿದರು, ನಾವು ಇನ್ನೂ ಬಿಟ್ಟಿಲ್ಲ. 20 ಗೇಜ್ ಅಂದರೆ ಸುಮಾರು 0.9 ಮಿಲಿಮೀಟರ್, 22 ಅಂದರೆ 0.7. ಎಂಟು ಅಡಿ ನಾಲ್ಕು ಅಡಿಯ ಪೂರ್ತಿ ಶೀಟು ಮೊದಲನೆಯದರಲ್ಲಿ ಇಪ್ಪತ್ತೊಂದು ಕಿಲೋ ಚಿಲ್ಲರೆ ತೂಗಿದರೆ ಎರಡನೆಯದರಲ್ಲಿ ಹದಿನಾರೂವರೆ. ಅಂಗಡಿಯವನ ಬಾಯಲ್ಲಿ ಗೇಜು ಬದಲಾಗಬಹುದು, ತಕ್ಕಡಿಯಲ್ಲಿ ಬದಲಾಗುವುದಿಲ್ಲ. ಬೀರು ಎಷ್ಟು ಕಿಲೋ ಅಂತ ಕೇಳಿ. ಕೇಳಿದ ಕೂಡಲೇ ಮುಖದಲ್ಲಾಗುವ ಬದಲಾವಣೆಯನ್ನೂ ನೋಡಿಕೊಳ್ಳಿ.

ಈಗ ಲೇಸರ್ ಮಾತು. ಹೌದು, ಬಂದಿದೆ. ನಾವು ಸ್ಕ್ರೈಬರಿನಿಂದ ಗೆರೆ ಎಳೆದು, ಕಂಪಾಸು ಹಿಡಿದು, ಕತ್ತರಿಯಿಂದ ಅರ್ಧ ದಿನ ಕತ್ತರಿಸುತ್ತಿದ್ದದ್ದನ್ನು ಅದು ನಿಮಿಷಗಳಲ್ಲಿ ಕತ್ತರಿಸಿ ಹಾಕುತ್ತದೆ, ಅಂಚಿಗೆ ಅರ ಹಾಕುವ ಅಗತ್ಯವೂ ಇಲ್ಲದ ಹಾಗೆ. ಗೆರೆ ಎಳೆಯುವವನ ಕೆಲಸ ಹೋಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಬಿಚ್ಚಿ ಹಾಸುವ ಲೆಕ್ಕವನ್ನೂ ಕಂಪ್ಯೂಟರೇ ಮಾಡುತ್ತದೆ, ಪೆಟ್ಟಿಗೆಯ ಚಿತ್ರ ಕೊಟ್ಟರೆ ಹಾಳೆಯ ಚಿತ್ರ ಕೊಡುತ್ತದೆ. ಆದರೆ ಮೂಲೆಗೆ ಎಷ್ಟು ಕಳೆಯಬೇಕು ಅಂತ ಅದಕ್ಕೆ ಯಾರಾದರೂ ಹೇಳಿಕೊಡಬೇಕು. ಎರಡು ದಪ್ಪ ಎನ್ನುವುದು ಮೋಟು ಲೆಕ್ಕ ಅಂದೆನಲ್ಲ. ನಿಜವಾದ ಅಂಕಿ ಆ ಮಶಿನ್ನು, ಆ ಅಚ್ಚು, ಆ ಲಾಟಿನ ಶೀಟಿನ ಮೇಲೆ ನಿಂತಿರುತ್ತದೆ. ಹೋದ ವರ್ಷ ಹಳೇ ಗೆಳೆಯನ ಶೆಡ್ಡಿಗೆ ಹೋಗಿದ್ದೆ. ಕೋಟಿ ರೂಪಾಯಿಯ ಮಶಿನ್ನಿನ ಪಕ್ಕದಲ್ಲಿ ಒಬ್ಬ ಹುಡುಗ ನೂರು ಮಿಲಿಮೀಟರಿನ ಪಟ್ಟಿಯೊಂದನ್ನು ಕತ್ತರಿಸಿ, ನಡುವೆ ಮಡಿಸಿ, ಎರಡೂ ಕಾಲುಗಳನ್ನು ವರ್ನಿಯರ್‌ನಲ್ಲಿ ಅಳೆದು ಕೂಡುತ್ತಿದ್ದ. 103.7 ಬಂತು. ನೂರು ಕಳೆದು, ಮಶಿನ್ನಿನ ಮೈಮೇಲೆ ಮಾರ್ಕರಿನಿಂದ '2 ಎಂಎಂ, 3.7' ಅಂತ ಬರೆದ. ಅಲ್ಲಿ ಅಂಥ ಅಂಕಿಗಳ ಉದ್ದನೆಯ ಪಟ್ಟಿಯೇ ಇತ್ತು, ಕೆಲವು ಅಳಿಸಿ ಮತ್ತೆ ಬರೆದದ್ದು. ಕಂಪ್ಯೂಟರಿಗೆ ಬುದ್ಧಿ ಆ ಪಟ್ಟಿಯಿಂದ ಬರುತ್ತದೆ. ಆ ಹುಡುಗನಿಗೆ ಸಂಬಳ ಮಾತ್ರ ಹೆಲ್ಪರಿನದು. ನನಗೆ ಈ ಕಸುಬಿನ ಬಗ್ಗೆ ದೂರು ಇರುವುದು ಅಲ್ಲೇ. ಡ್ರಾಯಿಂಗ್ ಮಾಡುವವನು ಮೇಲಿನ ಎ.ಸಿ. ಕೋಣೆಯವನು, ಆ ಡ್ರಾಯಿಂಗು ನಿಜವಾಗುವಂತೆ ತಿದ್ದುವವನು ಕೆಳಗಿನವನು. ಕೂಲಿ ಕೊಡುವವರು ಇವನ ಕೈಗೆ ಕೊಡುತ್ತಾರೆ, ಕಣ್ಣಿನ ಬಾಬ್ತು ಯಾವ ಚೀಟಿಯಲ್ಲೂ ಇರುವುದಿಲ್ಲ.

ಕೈ ಅಂದೆ. ಅದರ ಬಗ್ಗೆ ಹೇಳದೆ ಅಪ್ಪಂದಿರಿಗೆ ಉತ್ತರ ಬರೆದರೆ ಮೋಸವಾಗುತ್ತದೆ. ತಗಡಿನ ಅಂಚು ಬ್ಲೇಡು. ಕೊಯ್ತ, ಗೀರು ದಿನನಿತ್ಯದ್ದು, ಅದನ್ನು ನಾವು ಗಾಯ ಅಂತಲೇ ಕರೆಯುತ್ತಿರಲಿಲ್ಲ. ಭಯ ಇರುವುದು ಪವರ್ ಪ್ರೆಸ್ಸಿನಲ್ಲಿ. ಅಚ್ಚಿನೊಳಗೆ ತುಂಡು ಇಡು, ಒತ್ತು, ತೆಗೆ. ದಿನಕ್ಕೆ ಸಾವಿರಾರು ಸಲ. ಎರಡೂ ಕೈಯಿಂದ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವಂತೆ ಪ್ರೆಸ್ಸುಗಳನ್ನು ಮಾಡಿರುತ್ತಾರೆ, ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಇರಲಾರವಲ್ಲ. ನಾನು ಕೆಲಸ ಮಾಡಿದ ಎರಡನೆಯ ಜಾಗದಲ್ಲಿ ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿಟ್ಟಿದ್ದರು. ಆಗ ಒಂದು ಕೈ ಬಿಡುವಾಗುತ್ತದೆ, ಪೀಸು ಹೆಚ್ಚು ಬರುತ್ತದೆ. ಚಕ್ಕೆ ಇಟ್ಟವರು ಯಾರು ಅಂತ ಯಾರೂ ಹೇಳಲಿಲ್ಲ, ತೆಗೆಯಿರಿ ಅಂತಲೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನ್ನ ಪಕ್ಕದ ಪ್ರೆಸ್ಸಿನವನ ತೋರುಬೆರಳು ಒಂದು ಶನಿವಾರ ಓವರ್‌ಟೈಮಿನಲ್ಲಿ ಹೋಯಿತು. ಕೂಗಿದ್ದು ಅವನಲ್ಲ, ನೋಡಿದ ನಾವು. ಅವನು ಬೆರಳಿದ್ದ ಜಾಗವನ್ನು ನೋಡುತ್ತಾ ನಿಂತಿದ್ದ. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವನು ಕೇಳಿದ್ದು ಒಂದೇ, ಮೇಸ್ತ್ರಿ ಬೈದರಾ ಅಂತ. ಸೋಮವಾರ ನಾವು ಬರುವಷ್ಟರಲ್ಲಿ ಚಕ್ಕೆ ಇರಲಿಲ್ಲ.

ಕಾನೂನಿನಲ್ಲಿ ಬೆರಳುಗಳಿಗೆ ಒಂದು ಪಟ್ಟಿ ಇದೆ. 1923ರ ಪರಿಹಾರ ಕಾಯ್ದೆಯಲ್ಲಿ ಹೆಬ್ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟ, ತೋರುಬೆರಳು ಪೂರ್ತಿ ಹೋದರೆ 14 ಅಂತಿತ್ತು. ಯಾರೋ ಕೂತು ಯೋಚಿಸಿಯೇ ಬರೆದಿರಬೇಕು. ಆದರೆ ಆಲಿಕೆಯ ಅಂಚು ತಿರುಗಿಸುವಾಗ ತೋರುಬೆರಳು ಎಷ್ಟು ಬೇಕು ಅಂತ ಗೊತ್ತಿದ್ದವರು ಆ ಕೋಣೆಯಲ್ಲಿ ಇದ್ದಿರಲಿಕ್ಕಿಲ್ಲ. ಪಕ್ಕದ ಪ್ರೆಸ್ಸಿನ ಆ ಗೆಳೆಯ ಆಮೇಲೆ ಸ್ಟೋರ್ಸಿಗೆ ಹೋದ. ನಟ್ಟು ಬೋಲ್ಟು ಎಣಿಸಿ ಕೊಡುವ ಕೆಲಸ.

ಉಳಿದದ್ದು ನಿಧಾನಕ್ಕೆ ಆಗುವಂಥದ್ದು. ಜಿ.ಐ. ಶೀಟಿನ ಮೇಲೆ ಸತುವಿನ ಲೇಪ ಇರುತ್ತದೆ. ವೆಲ್ಡಿಂಗ್ ಮಾಡಿದರೆ ಕಬ್ಬಿಣ ಕರಗುವುದಕ್ಕೆ ಬಹಳ ಮೊದಲೇ ಸತುವು ಕುದಿದು ಬಿಳಿ ಹೊಗೆಯಾಗುತ್ತದೆ. ಗಾಳಿಯಾಡದ ಶೆಡ್ಡಿನಲ್ಲಿ ಅದನ್ನು ಕುಡಿದವನಿಗೆ ಸಂಜೆ ಚಳಿಜ್ವರ, ಬಾಯಲ್ಲಿ ಸಿಹಿ ಸಿಹಿ ಲೋಹದ ರುಚಿ. ಮಾರನೆಯ ದಿನ ಇಳಿದುಬಿಡುತ್ತದೆ. ಭಾನುವಾರ ರಜಾ ಕಳೆದು ಬಂದವರಿಗೇ ಜಾಸ್ತಿ ಹಿಡಿಯುತ್ತದೆ, ಆದ್ದರಿಂದ ಸೋಮವಾರದ ಜ್ವರ ಅಂತಲೂ ಹೆಸರು. ನಮ್ಮ ಶೆಡ್ಡಿನಲ್ಲಿ ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದೆವು, ಜ್ವರವೂ ಬಂತು. ಬೇಕಿದ್ದದ್ದು ಹೊಗೆ ಎಳೆಯುವ ಒಂದು ಫ್ಯಾನು. ಕಿವಿಯದ್ದು ಇನ್ನೊಂದು ಕತೆ. ಎಂಟು ಗಂಟೆಯ ಪಾಳಿಗೆ ತೊಂಬತ್ತು ಡೆಸಿಬೆಲ್ ಮಿತಿ ಅಂತ ನಿಯಮದಲ್ಲಿದೆ, ತಗಡಿನ ಮೇಲೆ ಬೀಳುವ ಸುತ್ತಿಗೆಗೆ ಅದು ಗೊತ್ತಿಲ್ಲ. ನಾನು ಫೋನಿನಲ್ಲಿ ಮಾತಾಡಿದರೆ ಎದುರು ಮನೆಯವರು ಉತ್ತರ ಕೊಡುತ್ತಾರೆ ಅಂತ ನನ್ನ ಹೆಂಡತಿ ಹೇಳುವುದು ತಮಾಷೆಗೇನಲ್ಲ.

ಹಾಗಾದರೆ ಮಗನನ್ನು ಸೇರಿಸಬೇಕೋ ಬೇಡವೋ? ಸೇರಿಸಿ ಅಂತಲೇ ನಾನು ಹೇಳುವುದು, ಆದರೆ ಸೀಟು ಖಾಲಿ ಇದೆ ಎನ್ನುವ ಕಾರಣಕ್ಕಲ್ಲ. ಐಟಿಐ ಆದ ಮೇಲೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕಳೆಯಲಿ, ಕಲಿಸುವ ಮುದುಕರು ಇನ್ನೂ ಕೆಲವರು ಇದ್ದಾರೆ. ಕತ್ತರಿಸುವುದಷ್ಟನ್ನೇ ಕಲಿತರೆ ಮಶಿನ್ನಿಗೆ ಸೋಲುತ್ತಾನೆ. ಮಡಿಸುವುದನ್ನು, ಜೋಡಿಸುವುದನ್ನು, ಡ್ರಾಯಿಂಗ್ ಓದುವುದನ್ನು ಕಲಿತರೆ ಆ ಮಶಿನ್ನಿಗೆ ಅವನೇ ಬೇಕು. ಕೆಲಸಕ್ಕೆ ಸೇರುವ ದಿನ ಸಂಬಳ ಕೇಳುವ ಮೊದಲು ಇಎಸ್‌ಐ ಕೇಳಲಿ, ಪ್ರೆಸ್ಸಿನ ಗುಂಡಿಗಳನ್ನು ಕಣ್ಣಾರೆ ನೋಡಲಿ. ಚಕ್ಕೆ ಕಂಡರೆ ಬೇರೆ ಶೆಡ್ಡು ಹುಡುಕಲಿ. ಪೀಣ್ಯದಲ್ಲಿ ಶೆಡ್ಡುಗಳಿಗೆ ಬರವಿಲ್ಲ.

ಅದಕ್ಕೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ, ಭಾವನವರನ್ನೂ ಕೂರಿಸಿಕೊಂಡರೆ ಒಳ್ಳೆಯದು. ಟೂತ್‌ಪೇಸ್ಟಿನ ರಟ್ಟಿನ ಡಬ್ಬಿ ಹುಡುಗನ ಮುಂದಿಟ್ಟು, ಬಿಚ್ಚದೆ, ಬಿಚ್ಚಿದರೆ ಹೇಗೆ ಕಾಣುತ್ತದೆ ಅಂತ ಹಾಳೆಯ ಮೇಲೆ ಬರೆಯಲು ಹೇಳಿ. ಆಮೇಲೆ ಬಿಚ್ಚಿ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಮೈ ಸಾಲಾಗಿ ಬಂದು, ಮುಚ್ಚಳಗಳು ಸರಿಯಾದ ಕಡೆ ಕೂತಿದ್ದರೆ ಅರ್ಜಿ ಹಾಕಿ. ಅಂಟಿಸುವ ಅಂಚನ್ನು ಬರೆಯಲು ಮರೆತಿದ್ದರೂ ಹಾಕಿ, ಅದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ. ಮನೆಯಲ್ಲಿರುವ ಹಳೇ ಲಗ್ನಪತ್ರಿಕೆಗಳನ್ನು ಮಾತ್ರ ಎಸೆಯಬೇಡಿ.